ಆನೇಕಲ್ಲಿನ ಶಾಸ್ತ್ರಿಗಳೂ ಅವರ ವಿಮಾನಗಳೂ

ಐತಿಹಾಸಿಕ ಕಥೆಯ ವಿಷಯದಲ್ಲಿ ಹಾಸನದ ಸೀಮೆಯ ವಾಚಕರು ಸುಲಭವಾಗಿ ತೃಪ್ತರಾಗತಕ್ಕವರಲ್ಲ. ವಿಜಯನಗರದ ಚರಿತ್ರೆಯನ್ನು ಕಾದಂಬರಿಗಳಲ್ಲಿ ಹರಡಿದ ಅ. ನ. ಕೃಷ್ಣರಾಯರ ಹೆಸರಿನಲ್ಲಿಯೇ ಅರಕಲಗೂಡಿದೆ. ಮಹಾಭಾರತದ ಕಥೆಯಿಂದ ಪವಾಡಗಳನ್ನೆಲ್ಲ ತೆಗೆದು, ಅದನ್ನು ಬರಿಯ ಮನುಷ್ಯರ ಯುದ್ಧವಾಗಿ 'ಪರ್ವ'ದಲ್ಲಿ ನಿಲ್ಲಿಸಿದ ಭೈರಪ್ಪನವರು ಚನ್ನರಾಯಪಟ್ಟಣದ ತಾಲ್ಲೂಕಿನ ಸಂತೇಶಿವರದವರು. ಹಳೇಬೀಡಿನ ಗೋಡೆಗಳ ಮೇಲೆ ಆನೆ ಕುದುರೆಗಳನ್ನು ಕೆತ್ತಿದ ಶಿಲ್ಪಿಯಾದರೋ ಅವುಗಳ ಸಜ್ಜನ್ನು ಕಣ್ಣಾರೆ ಕಂಡೇ ಉಳಿಹಿಡಿದನು. ಇಂತಹ ಸೀಮೆಯ ವಾಚಕರ ಮುಂದೆ ಇಂದು ಒಬ್ಬ ವಿಲಕ್ಷಣ ಪುರುಷರ ಜೀವನವೃತ್ತಾಂತವನ್ನು ಇಡಲು ಅಪೇಕ್ಷಿಸುತ್ತೇವೆ. ಅವರು ಕಾದಂಬರಿಕಾರರಾಗಿರಲಿಲ್ಲ. ಆದರೆ ಪ್ರಾಚೀನ ಯುದ್ಧವಿಮಾನಗಳ ವಿಷಯದಲ್ಲಿ ಅವರು ಹೇಳಿದಷ್ಟು ವಿವರಗಳನ್ನು ಯಾವ ಕಾದಂಬರಿಕಾರನೂ ಹೇಳಿಲ್ಲ.

ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1866ನೆಯ ಇಸವಿಯಲ್ಲಿ ಹೊಸೂರು ತಾಲ್ಲೂಕಿನ ತೊಗರೆ ಎಂಬ ಗ್ರಾಮದಲ್ಲಿ ಜನಿಸಿದರು. ಬಾಲ್ಯವು ದಾರಿದ್ರ್ಯದಲ್ಲಿಯೂ ರೋಗದಲ್ಲಿಯೂ ಕಳೆಯಿತು. ಪಾಠಶಾಲೆಯ ವಿದ್ಯೆ ಅವರಿಗೆ ದೊರೆಯಲಿಲ್ಲ. ಅವರ ಆತ್ಮವೃತ್ತಾಂತದ ಪ್ರಕಾರ, ಅಲೆಯುತ್ತಲೇ ಕೋಲಾರದ ಕಡೆಯ ಆವನಿಗೆ ಹೋದಾಗ ಅಲ್ಲಿ ಒಬ್ಬ ಯೋಗಿಗಳ ದರ್ಶನವಾಗಿ, ಅವರಿಂದ ನಾನಾ ಶಾಸ್ತ್ರಗಳ ಉಪದೇಶವಾಯಿತು. ಅನಂತರ ಆನೇಕಲ್ಲಿನಲ್ಲಿ ನೆಲೆಸಿದರು. ಆವೇಶ ಬಂದಂತೆ ಶ್ಲೋಕಗಳನ್ನು ನಿರರ್ಗಳವಾಗಿ ಹೇಳುವ ಶಕ್ತಿಯು ಅವರಲ್ಲಿತ್ತು. ಅವುಗಳನ್ನು ತಮ್ಮ ಸ್ವಂತ ರಚನೆಯೆಂದು ಅವರು ಹೇಳಿಕೊಳ್ಳಲಿಲ್ಲ. ಎಲ್ಲವೂ ಭರದ್ವಾಜ ಮಹರ್ಷಿಗಳದೆಂದರು. ಯಶಸ್ಸನ್ನು ಋಷಿಗೆ ಒಪ್ಪಿಸಿ ಬಡತನವನ್ನು ತಾವು ಇಟ್ಟುಕೊಂಡ ಈ ಮನುಷ್ಯರನ್ನು ವಂಚಕರೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

1918ನೆಯ ಇಸವಿ ಆಗಸ್ಟ್ 1ನೆಯ ತಾರೀಖಿನಿಂದ 1923ನೆಯ ಆಗಸ್ಟಿನವರೆಗೆ ಅವರು 'ವೈಮಾನಿಕ ಶಾಸ್ತ್ರ'ವನ್ನು ಬಾಯಿಂದ ಹೇಳಿ, ವೆಂಕಟಾಚಲ ಶರ್ಮರಿಂದ ಬರೆಯಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆ ಅದರಲ್ಲಿದೆ. ಶತ್ರುವಿನ ಕಣ್ಣಿಗೆ ಬೀಳದಂತೆ ವಿಮಾನವನ್ನು ಮರೆಮಾಡುವುದು, ಶತ್ರುವಿಮಾನದೊಳಗಿನ ಮಾತುಗಳನ್ನು ಕೇಳಿಸಿಕೊಳ್ಳುವುದು, ಶತ್ರುಗಳಿಗೆ ಪ್ರಜ್ಞೆ ತಪ್ಪಿಸುವುದು ಮೊದಲಾಗಿ ವಿಮಾನಚಾಲಕನು ಅರಿತಿರಬೇಕಾದ ಮೂವತ್ತೆರಡು ರಹಸ್ಯಗಳನ್ನೂ ಹೇಳಿದೆ. ಎಲ್ಲಪ್ಪನವರೆಂಬ ನಕ್ಷೆಗಾರರು ಚಿತ್ರಗಳನ್ನು ಬರೆದುಕೊಟ್ಟರು.

ಆ ತಾರೀಖನ್ನು ವಾಚಕರು ಸ್ವಲ್ಪ ಗಮನಿಸಬೇಕು. ಅದಕ್ಕೆ ಹತ್ತು ದಿವಸಗಳ ಹಿಂದೆ, ಜುಲೈ 22ರಂದು, ಕಲಕತ್ತೆಯ ಇಂದ್ರಲಾಲ ರಾಯ್ ಎಂಬ ಹತ್ತೊಂಬತ್ತು ವಯಸ್ಸಿನ ತರುಣನು ಫ್ರಾನ್ಸ್ ದೇಶದ ಆಕಾಶದಲ್ಲಿ ಹೋರಾಡುತ್ತ ಮಡಿದನು. ಆ ತಿಂಗಳಿನಲ್ಲಿ ಎರಡು ವಾರದೊಳಗಾಗಿ ಅವನ ಲೆಕ್ಕಕ್ಕೆ ಹತ್ತು ಜಯಗಳು ಸೇರಿದ್ದವು. ಅವನು ಏರಿದ್ದ ಎಸ್. ಇ. 5ಎ ವಿಮಾನಕ್ಕೆ ಎಂಟು ಸಿಲಿಂಡರುಗಳ, ನೀರಿನಿಂದ ತಣಿಯುವ, ಸುಮಾರು 200 ಅಶ್ವಶಕ್ತಿಯ ಯಂತ್ರವಿತ್ತು. ಒಂದು ಬಂದೂಕು ತಿರುಗುವ ಪಂಖದ ಅಲಗುಗಳ ನಡುವಿನಿಂದಲೂ, ಇನ್ನೊಂದು ಮೇಲಿನ ರೆಕ್ಕೆಯ ಮೇಲಿನಿಂದಲೂ ಗುಂಡು ಹಾರಿಸುತ್ತಿದ್ದವು. ಅದೇ ಸೈನ್ಯದ ಸಾಪ್‌ವಿತ್ ಕ್ಯಾಮೆಲ್‌ನ ಬಗೆಯೇ ಬೇರೆ. ಅದರಲ್ಲಿ ಪಂಖದೊಡನೆ ಇಡೀ ಯಂತ್ರವೇ ಗಿರಗಿರನೆ ತಿರುಗುತ್ತಿತ್ತು. ಅದಕ್ಕೆ ಹರಳೆಣ್ಣೆಯನ್ನು ಉಣಿಸುತ್ತಿದ್ದರು. ಈ ಎರಡನ್ನೂ ಬೆರೆಸಿ ಬರೆಯುವ ಕಥೆಗಾರನು, ಅಥವಾ ಪಂಖದ ನಡುವೆ ಹಾಯ್ದು ಗುಂಡುಹಾರಿಸುವ ಬಂದೂಕನ್ನು 1914ರಲ್ಲಿಯೇ ಯುದ್ಧಭೂಮಿಗೆ ತರುವವನು (ಆ ಉಪಾಯವು ಜರ್ಮನರ ಫೊಕ್ಕರ್ ವಿಮಾನದಲ್ಲಿ ರಣರಂಗಕ್ಕಿಳಿದುದು 1915ರಲ್ಲಿ), ಓದುಗನ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ಬ್ರಿಟಿಷ್ ವಿಮಾನಚಾಲಕರಿಗೆ ಆ ಯುದ್ಧದಲ್ಲಿ ಪ್ಯಾರಾಚೂಟು ಇರಲಿಲ್ಲ. ಉರಿಯುವ ವಿಮಾನದಿಂದ ನಾಯಕನನ್ನು ಛತ್ರಿ ಹಿಡಿಸಿ ಇಳಿಸುವ ಲೇಖಕನು ರಾಯ್‌ನಂಥವರ ಮರಣವನ್ನೇ ಅಗ್ಗ ಮಾಡಿದಂತಾಗುತ್ತದೆ.

ಪುನಃ ಶಾಸ್ತ್ರಿಗಳ ಬಳಿಗೆ ಬರೋಣ. ಮುಂಬಯಿಯ ತಳಪದೆಯವರು ಅವರ ಮಾರ್ಗದರ್ಶನದಲ್ಲಿ ವಿಮಾನದ ಮಾದರಿಗಳನ್ನು ಕಟ್ಟಲು ಪ್ರಯತ್ನಿಸಿದರೆಂದು ಆತ್ಮವೃತ್ತಾಂತವೇ ಹೇಳುತ್ತದೆ, ಅವು ಹಾರಲಿಲ್ಲ. 1940ರ ಸುಮಾರಿಗೆ ಶಾಸ್ತ್ರಿಗಳು ತೀರಿಕೊಂಡರು. ಮೈಸೂರಿನ ಜಿ. ಆರ್. ಜೋಸ್ಯರ್ ಎಂಬವರು 1952ರಲ್ಲಿ ಹಸ್ತಪ್ರತಿಯನ್ನು ಪ್ರಸಿದ್ಧಿಗೆ ತಂದರು. 1973ರಲ್ಲಿ ಇಂಗ್ಲಿಷ್ ಅನುವಾದವೂ ಚಿತ್ರಗಳೂ ಹೊರಬಿದ್ದು ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು.

ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮುಕುಂದ, ದೇಶಪಾಂಡೆ ಮೊದಲಾದ ಐವರು ವಿದ್ವಾಂಸರು ಈ ಗ್ರಂಥವನ್ನು ಪರೀಕ್ಷೆಗೆ ತೆಗೆದುಕೊಂಡರು. ಮೂದಲಿಕೆಯಿಂದಲ್ಲ, ಶ್ರದ್ಧೆಯಿಂದಲೇ ಓದಿದರು. ಭಾಷೆಯು ಸರಳವಾದ ಆಧುನಿಕ ಸಂಸ್ಕೃತವೆಂದೂ, ಗ್ರಂಥವು ಇಪ್ಪತ್ತನೆಯ ಶತಮಾನದ ಆದಿಗಿಂತ ಹಿಂದಿನದಲ್ಲವೆಂದೂ ಕಂಡುಕೊಂಡರು. ನಾಲ್ಕು ವಿಮಾನಗಳ ಪೈಕಿ ರುಕ್ಮವೊಂದರಲ್ಲಿ, ಮೇಲಿನಿಂದ ಗಾಳಿಯನ್ನು ಸೆಳೆದು ನಾಳಗಳ ಮೂಲಕ ಕೆಳಕ್ಕೆ ತಳ್ಳುವ ಪಂಖಗಳಲ್ಲಿ, ಸ್ವಲ್ಪ ಅರ್ಥವನ್ನು ಕಂಡರು. ಉಳಿದವುಗಳ ಆಕಾರವು ಹಾರುವುದಕ್ಕೆ ಪ್ರತಿಕೂಲ. ಮುಂದೆ ನೂಕಬೇಕಾದ ಯಂತ್ರಗಳು ವಿಮಾನವನ್ನು ತಡೆದು ನಿಲ್ಲಿಸುವಂಥವು. ಚಿತ್ರಗಳಿಗೂ ಶ್ಲೋಕಗಳಿಗೂ ಹೊಂದಿಕೆಯಿಲ್ಲ. ಚಿತ್ರಕಾರರಿಗೆ ತಮ್ಮ ಕಾಲದ ಯಂತ್ರಗಳ ಪರಿಚಯವಿತ್ತೆಂಬುದು ರೇಖೆಗಳಲ್ಲಿಯೇ ಎದ್ದು ಕಾಣುತ್ತದೆ.

ಇಷ್ಟಾದ ಮೇಲೂ 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಗ್ರಂಥವನ್ನು ಆಧಾರವಾಗಿಟ್ಟು ಪ್ರಬಂಧವನ್ನು ಓದಿದರು. ಪರದೇಶದ ಪತ್ರಿಕೆಗಳು ನಕ್ಕವು. ಸ್ವದೇಶಾಭಿಮಾನದಲ್ಲಿ ನಾವು ಯಾರಿಗೂ ಕಡಮೆಯವರಲ್ಲ. ಆದಕಾರಣವೇ ನಮಗೆ ಇದು ನೋವಿನ ಸಂಗತಿ. ಆರ್ಯಭಟನನ್ನೂ ಭಾಸ್ಕರನನ್ನೂ ಹೊಂದಿರುವ ದೇಶಕ್ಕೆ ಸಾಲದ ಕಿರೀಟವೇಕೆ? ಪುಷ್ಪಕವಿಮಾನವು ಕವಿಯ ಆಕಾಶದಲ್ಲಿ ಧಾರಾಳವಾಗಿ ಹಾರಲಿ, ನಾವು ಕೈಮುಗಿಯುತ್ತೇವೆ. ಅದರ ಯಂತ್ರವನ್ನು ಬಿಚ್ಚಿ ತೋರಿಸುತ್ತೇವೆಂದು ಹೊರಟವರಿಗೆ ಮಾತ್ರ ಲೆಕ್ಕವನ್ನು ಕೇಳಬೇಕಾಗುತ್ತದೆ. ಇದರಲ್ಲಿ ಶಾಸ್ತ್ರಿಗಳಿಗಿಂತ ಅವರ ಭಕ್ತರ ಅಪರಾಧವೇ ಹೆಚ್ಚೆಂದು ನಮಗೆ ತೋರುತ್ತದೆ. ಅವರು ಶಾಸ್ತ್ರವೆಂದು ಮೆರೆಸದೆ ಕಥೆಯೆಂದು ಅಚ್ಚು ಹಾಕಿಸಿದ್ದರೆ, ಕನ್ನಡ ನಾಡಿನ ಸೊಗಸಾದ ಕಲ್ಪನೆಗಳಲ್ಲೊಂದೆಂದು ಹಾಸನದಲ್ಲಿಯೂ ಹೊಳೆನರಸೀಪುರದಲ್ಲಿಯೂ ಜನರು ಅದನ್ನು ಕೊಂಡು ಓದುತ್ತಿದ್ದರು.

ಶಾಸ್ತ್ರಿಗಳ ಕೊನೆಯ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಆನೇಕಲ್ಲಿಗೆ ಬಹು ದೂರವಲ್ಲದ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರಕಾರವೂ ಸೇರಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮರುವರ್ಷ ಅಲ್ಲಿ ಜೋಡಿಸಿದ ಹಾರ್ಲೋ ವಿಮಾನವು ಆಕಾಶಕ್ಕೆ ಏರಿತು. ಅದು ಅಮೆರಿಕದವರ ವಿನ್ಯಾಸ. ನಮ್ಮವರೇ ಲೆಕ್ಕಹಾಕಿ, ನಕ್ಷೆ ತೆಗೆದು, ಘಾಟಗೆಯವರ ನೇತೃತ್ವದಲ್ಲಿ ಕಟ್ಟಿದ ಎಚ್. ಟಿ. 2 ಎಂಬ ಶಿಕ್ಷಣವಿಮಾನವು ಅದೇ ಕಾರ್ಖಾನೆಯಿಂದ 1951ನೆಯ ಆಗಸ್ಟಿನಲ್ಲಿ ಹಾರಿತು.