ವಿಕಾಸವನ್ನು ಲೆಕ್ಕಕ್ಕೆ ತಂದ ಹಾಲ್ಡೇನ್

ವಿಕಾಸ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಟೀ ಶರ್ಟ್ ಮೇಲೆ ಪ್ರಿಂಟ್ ಆಗಿರುತ್ತಲ್ಲ, ಆ ಚಿತ್ರ. ಸಾಲಾಗಿ ನಡೆಯೋ ಕೋತಿ, ಬೆನ್ನು ನೆಟ್ಟಗಾಗುತ್ತಾ ಹೋಗಿ ಕೊನೆಗೆ ಮನುಷ್ಯ. ಈ ಚಿತ್ರ ನೋಡಿದರೆ ಒಂದೊಂದು ಪ್ರಾಣಿಯೂ ಬದುಕಿರುವಾಗಲೇ ಬದಲಾಗುತ್ತಾ ಹೋಯಿತು ಅನ್ನಿಸುತ್ತೆ. ಹಾಗೆ ಆಗೋದಿಲ್ಲ. ಒಂದು ಪ್ರಾಣಿ ಹುಟ್ಟಿದಾಗ ಯಾವ ಜೀನ್‌ಗಳನ್ನು ತಂದಿರುತ್ತೋ ಅವನ್ನೇ ಹಿಡ್ಕೊಂಡು ಸಾಯುತ್ತೆ. ಬದಲಾಗೋದು ಗುಂಪು. ಗುಂಪಿನಲ್ಲಿ ಯಾವ ಜೀನ್ ನೂರಕ್ಕೆ ಎಷ್ಟಿದೆ ಅನ್ನೋ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಏರುತ್ತೆ, ಇಳಿಯುತ್ತೆ. ಅಂದರೆ ಇದು ಮೂಲತಃ ಎಣಿಕೆಯ ವಿಷಯ. ಹಾಗಂತ ಹಟ ಹಿಡಿದು ಲೆಕ್ಕ ಮಾಡಿ ತೋರಿಸಿದ ಮೂವರಲ್ಲಿ ಒಬ್ಬರು ಜೆ.ಬಿ.ಎಸ್. ಹಾಲ್ಡೇನ್. ಉಳಿದಿಬ್ಬರು ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಮತ್ತು ಅಮೆರಿಕದ ಸೀವಾಲ್ ರೈಟ್. ನಾವು ಹಾಲ್ಡೇನ್ ಅವರನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ, ಅವರು ಭಾರತದ ಪ್ರಜೆಯಾಗಿ ಸತ್ತರು ಅನ್ನೋದು. ಇನ್ನೊಂದು ಕಾರಣ, ಅವರ ಲೆಕ್ಕ ನಮ್ಮ ಮನೆಗಳೊಳಗೇ ಬಂದು ಕೂರುತ್ತೆ.

ಹುಟ್ಟಿದ್ದು 1892ರ ನವೆಂಬರ್ 5, ಆಕ್ಸ್‌ಫರ್ಡ್‌ನಲ್ಲಿ. ಅಪ್ಪ ಜಾನ್ ಸ್ಕಾಟ್ ಹಾಲ್ಡೇನ್ ಗಣಿಗಳ ಗಾಳಿ, ವಿಷಾನಿಲ, ಉಸಿರಾಟ ಇವುಗಳ ಬಗ್ಗೆ ದೊಡ್ಡ ತಜ್ಞ. ಲ್ಯಾಬ್‌ನಲ್ಲಿ ಇಲಿ ಬದಲು ತಮ್ಮನ್ನೇ ಬಳಸ್ತಿದ್ದ ಮನುಷ್ಯ. ಮಗನನ್ನೂ ಬಿಡಲಿಲ್ಲ. ಒಮ್ಮೆ ಚಿಕ್ಕ ಹುಡುಗನನ್ನು ಗಣಿಯೊಳಗೆ ಕರೆದುಕೊಂಡು ಹೋಗಿ, ನಿಂತುಕೊಂಡು ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಹೇಳು ಅಂದರಂತೆ. ಹುಡುಗ ಹೇಳ್ತಾ ಹೇಳ್ತಾ ಏದುಸಿರು ಬಂದು ಕುಸಿದುಬಿದ್ದ. ನೆಲದ ಮೇಲೆ ಬಿದ್ದ ಮೇಲೆ ಉಸಿರು ಸರಿಹೋಯಿತು. ಮೀಥೇನ್ ಗಾಳಿಗಿಂತ ಹಗುರ, ಮೇಲೆ ಸೇರಿಕೊಳ್ಳುತ್ತೆ ಅನ್ನೋ ಪಾಠ ಹಾಗೆ ಆಯಿತು. ಈಗಿನ ಕಾಲದಲ್ಲಿ ಆ ಅಪ್ಪನ ಮೇಲೆ ಕೇಸ್ ಹಾಕ್ತಿದ್ದರೇನೋ.

ತಮಾಷೆ ಏನಂದ್ರೆ ಹಾಲ್ಡೇನ್ ಹತ್ತಿರ ವಿಜ್ಞಾನದ ಡಿಗ್ರಿಯೇ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಗಣಿತದಿಂದ ಶುರು ಮಾಡಿ, ಗ್ರೀಕ್, ಲ್ಯಾಟಿನ್, ತತ್ವಶಾಸ್ತ್ರಕ್ಕೆ ಹಾರಿ, 1914ರಲ್ಲಿ ಅದರಲ್ಲೇ ಫಸ್ಟ್ ಕ್ಲಾಸ್ ಪಡೆದರು. ಅಷ್ಟರಲ್ಲಿ ಯುದ್ಧ. ಬ್ಲ್ಯಾಕ್ ವಾಚ್ ಅನ್ನೋ ಸ್ಕಾಟಿಷ್ ಪಡೆಯಲ್ಲಿ ಬಾಂಬ್ ಎಸೆಯೋ ಅಧಿಕಾರಿ. ಯುದ್ಧವನ್ನು ಖುಷಿಯಿಂದ ಮಾಡಿದರು ಅಂತ ಅವರೇ ಒಪ್ಪಿಕೊಂಡಿದ್ದಾರೆ, ನಮಗದು ಅಷ್ಟು ಇಷ್ಟವಾಗಲಿಲ್ಲ, ಇರಲಿ. 1915ರಲ್ಲಿ, ಯುದ್ಧದ ನಡುವೆಯೇ, ಇಲಿಗಳಲ್ಲಿ ಎರಡು ಜೀನ್‌ಗಳು ಜೋಡಿಯಾಗಿ ಸಾಗೋದನ್ನು ತೋರಿಸುವ ಪ್ರಬಂಧ ಪ್ರಕಟವಾಯಿತು. ಅದರ ಮೇಲೆ ಮೂರು ಹೆಸರು: ಹಾಲ್ಡೇನ್, ತಂಗಿ ನವೋಮಿ, ಗೆಳೆಯ ಸ್ಪ್ರಂಟ್. ಸ್ಪ್ರಂಟ್ ಅಷ್ಟರಲ್ಲಿ ಯುದ್ಧದಲ್ಲಿ ಸತ್ತಾಗಿತ್ತು. ಆಮೇಲೆ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡ ಹಾಲ್ಡೇನ್ ಅವರನ್ನು ಭಾರತಕ್ಕೆ ಸಾಗಿಸಿದರು. ಮಧ್ಯಭಾರತದ ಮ್ಹೌ ದಂಡಿನಲ್ಲಿ ಬಾಂಬ್ ತರಬೇತಿ ಕೊಡ್ತಾ ಕಾಲ ಕಳೆದರು. ಆಳುವವನಾಗಿ ಇಲ್ಲಿರೋದು ಅವರಿಗೆ ಸರಿಬರಲಿಲ್ಲ. ಇಲ್ಲಿನವರ ಜೊತೆ ಸಮಾನನಾಗಿ ಕೂತು ಮಾತಾಡೋ ಕಾಲ ಬರೋವರೆಗೂ ಮತ್ತೆ ಬರಲ್ಲ ಅಂದುಕೊಂಡು ಹೋದರಂತೆ.

ಈಗ ಲೆಕ್ಕಕ್ಕೆ ಬರೋಣ. ಡಾರ್ವಿನ್ ನೈಸರ್ಗಿಕ ಆಯ್ಕೆ ಅಂದರು, ಮೆಂಡೆಲ್ ಬಟಾಣಿಯಲ್ಲಿ ಅನುವಂಶೀಯತೆಯ ನಿಯಮ ಕಂಡರು. 1920ರ ಹೊತ್ತಿಗೂ ಇವೆರಡೂ ಒಂದಕ್ಕೊಂದು ಹೊಂದುತ್ತಾ ಅನ್ನೋದರ ಬಗ್ಗೆ ಜಗಳ ಪೂರ್ತಿ ತಣ್ಣಗಾಗಿರಲಿಲ್ಲ. ಚಿಕ್ಕ ಚಿಕ್ಕ ಲಾಭ ಇಟ್ಟುಕೊಂಡು ಒಂದು ಗುಂಪು ಬದಲಾಗಬಹುದಾ? ಎಷ್ಟು ಕಾಲ ಬೇಕು? ಇದನ್ನು ಹೇಳೋಕೆ ಸಂಖ್ಯೆ ಇರಲಿಲ್ಲ. ಅದಕ್ಕೂ ಮುಂಚೆ, 1908ರಲ್ಲಿ, ಒಂದು ಅಡಿಪಾಯ ಬಿದ್ದಿತ್ತು. ಯಾವ ಒತ್ತಡವೂ ಇಲ್ಲದಿದ್ದರೆ, ದೊಡ್ಡ ಗುಂಪಿನಲ್ಲಿ ಜೀನ್‌ಗಳ ಪ್ರಮಾಣ ಹಾಗೆಯೇ ಉಳಿಯುತ್ತೆ ಅಂತ ಜರ್ಮನಿಯ ವೈನ್‌ಬರ್ಗ್ ಮತ್ತು ಕೇಂಬ್ರಿಡ್ಜಿನ ಹಾರ್ಡಿ ಬೇರೆ ಬೇರೆಯಾಗಿ ತೋರಿಸಿದರು. ಹೌದು, ನಮ್ಮ ರಾಮಾನುಜನ್ ಅವರನ್ನು ಕರೆಸಿಕೊಂಡ ಅದೇ ಹಾರ್ಡಿ. ಹೈಸ್ಕೂಲಿನ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಷ್ಟೇ ಅದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನ್ಯೂಟನ್ನನ ಮೊದಲ ನಿಯಮ ಇದ್ದ ಹಾಗೆ: ತಳ್ಳದೆ ಇದ್ದರೆ ಅಲ್ಲಾಡಲ್ಲ. ತಳ್ಳಿದರೆ ಎಷ್ಟು ವೇಗ, ಅನ್ನೋದು ಉಳಿದಿತ್ತು.

ಅದಕ್ಕೆ ಹಾಲ್ಡೇನ್ ಕೈಹಾಕಿದ್ದು 1924ರಲ್ಲಿ. ಆಗ ಕೇಂಬ್ರಿಡ್ಜಿನಲ್ಲಿ ಅವರ ಕೆಲಸ ಬಯೋಕೆಮಿಸ್ಟ್ರಿ, ಇದು ಬಿಡುವಿನ ಕೆಲಸ ಅಂದ್ಕೊಳ್ಳಿ. ಹತ್ತು ವರ್ಷದಲ್ಲಿ ಹತ್ತು ಪ್ರಬಂಧ. ಮೊದಲನೆಯದರಲ್ಲೇ ಮ್ಯಾಂಚೆಸ್ಟರ್‌ನ ಪತಂಗದ ಉದಾಹರಣೆ. ತಿಳಿ ಬಣ್ಣದ ಪತಂಗಗಳ ಮಧ್ಯೆ 1848ರಲ್ಲಿ ಅಲ್ಲಿ ಕಪ್ಪು ಪತಂಗ ಸಿಕ್ಕಿದ್ದು ದಾಖಲಾಗಿತ್ತು. ಕಾರ್ಖಾನೆಯ ಮಸಿ ಮರಗಳಿಗೆಲ್ಲ ಮೆತ್ತಿಕೊಂಡಿತು, ಐವತ್ತು ವರ್ಷದಲ್ಲಿ ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪೇ. ಹಾಲ್ಡೇನ್ ಹಾಕಿಕೊಂಡ ಅಂದಾಜು: ಮೊದಲು ನೂರಕ್ಕೆ 1 ಕಪ್ಪು, ಕೊನೆಗೆ ನೂರಕ್ಕೆ 99, ವರ್ಷಕ್ಕೆ ಒಂದು ತಲೆಮಾರು. ಹಾಗಾದರೆ ಕಪ್ಪು ಪತಂಗ ತಿಳಿ ಪತಂಗಕ್ಕಿಂತ ಒಂದೂವರೆ ಪಟ್ಟು ಮರಿ ಉಳಿಸಬೇಕು ಅನ್ನೋ ಉತ್ತರ ಬಂತು. ಇಷ್ಟು ಜೋರಾದ ಆಯ್ಕೆ ಪ್ರಕೃತಿಯಲ್ಲಿ ಇರೋಕೆ ಸಾಧ್ಯ ಅಂತ ಆಗ ಯಾರೂ ಎಣಿಸಿರಲಿಲ್ಲ. 1950ರ ದಶಕದಲ್ಲಿ ಕೆಟಲ್‌ವೆಲ್ ಕಾಡಿಗೆ ಹೋಗಿ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದು ನೋಡಿದರು. ಮಸಿ ಹಿಡಿದ ಕಾಡಿನಲ್ಲಿ ಕಪ್ಪು ಪತಂಗಗಳೇ ಹೆಚ್ಚು ಉಳಿದಿದ್ದವು, ತಿಳಿ ಬಣ್ಣದವು ಹಕ್ಕಿಗಳ ಕಣ್ಣಿಗೆ ಬೀಳ್ತಿದ್ದವು. ಪೈಥಾನ್ ಬರೋರು ಹತ್ತು ಸಾಲಲ್ಲಿ ಹಾಲ್ಡೇನ್ ಲೆಕ್ಕವನ್ನು ಓಡಿಸಿ ನೋಡಬಹುದು. ಅವರು ಕಾಗದ ಪೆನ್ಸಿಲ್‌ನಲ್ಲಿ ಮಾಡಿದರು.

1927ರಲ್ಲಿ ಇನ್ನೊಂದು ಲೆಕ್ಕ. ಹೊಸ ಮ್ಯುಟೇಶನ್ ಒಂದು ಬಂತು, ಅದನ್ನು ಹೊತ್ತವರಿಗೆ ಶೇಕಡಾ 1ರಷ್ಟು ಲಾಭ ಇದೆ ಅಂತಿಟ್ಟುಕೊಳ್ಳಿ. ಅದು ಗೆಲ್ಲೋ ಸಾಧ್ಯತೆ ಎಷ್ಟು? ಕೇವಲ ಶೇಕಡಾ 2. ನೂರರಲ್ಲಿ 98 ಸಲ ಒಳ್ಳೆಯ ಜೀನ್ ಕೂಡ ಬರೀ ಅದೃಷ್ಟ ಕೆಟ್ಟು ಅಳಿದುಹೋಗುತ್ತೆ. ಯಾಕಂದ್ರೆ ಮೊದಲು ಒಂದೇ ಒಂದು ಪ್ರತಿ ಇರೋದು; ಅದನ್ನು ಹೊತ್ತ ಪ್ರಾಣಿಗೆ ಮರಿಯೇ ಆಗದಿರಬಹುದು, ಮಳೆಯಲ್ಲಿ ಕೊಚ್ಚಿಹೋಗಬಹುದು. ಪ್ರಕೃತಿ ಒಳ್ಳೆಯದನ್ನು ಆರಿಸುತ್ತೆ ಅನ್ನೋ ಮಾತನ್ನು ಇದನ್ನು ಓದಿದ ಮೇಲೆ ನಾವು ಅಷ್ಟು ಸಲೀಸಾಗಿ ಹೇಳ್ತಿಲ್ಲ.

ಇನ್ನು ನಮ್ಮ ಮನೆಗಳ ವಿಷಯ. ಒಂದು ರಿಸೆಸಿವ್ ಕಾಯಿಲೆ 10,000 ಜನರಲ್ಲಿ 1ರಿಗೆ ಇದೆ ಅಂದುಕೊಳ್ಳಿ. ಅಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಆ ಜೀನ್‌ನ ಪ್ರಮಾಣ ನೂರಕ್ಕೆ 1 ಅಂತಾಯಿತು. ಹಾಗಾದರೆ ಒಂದೇ ಪ್ರತಿ ಇಟ್ಟುಕೊಂಡು ಆರೋಗ್ಯವಾಗಿ ಓಡಾಡೋರು ಎಷ್ಟು ಜನ? 198. ಒಬ್ಬ ರೋಗಿ, 198 ಕ್ಯಾರಿಯರ್‌ಗಳು. ಕೆಟ್ಟ ಜೀನ್ ಪೂರ್ತಿ ಕತ್ತಲಲ್ಲೇ ಇದೆ.

ಆ ಕಾಲದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ, 1933ರಿಂದ ಹಿಟ್ಲರನ ಜರ್ಮನಿಯಲ್ಲಿ, ಇಂಥ ಕಾಯಿಲೆ ಇದೆ ಅಂತ ಹೇಳಿ ಜನರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನು ಇತ್ತು. ಸಮಾಜ ಶುದ್ಧವಾಗುತ್ತೆ ಅನ್ನೋ ವಾದ. ಹಾಲ್ಡೇನ್ ಇದರ ವಿರುದ್ಧ ಬರೆದರು, 1938ರಲ್ಲಿ ಒಂದು ಪುಸ್ತಕವನ್ನೇ ತಂದರು. ಕರುಣೆಯ ಮಾತನ್ನು ಪಕ್ಕಕ್ಕಿಟ್ಟರೂ ಲೆಕ್ಕವೇ ಈ ಕಾನೂನಿನ ಪರ ಇಲ್ಲ. ರೋಗಿಗಳಲ್ಲಿ ಒಬ್ಬರಿಗೂ ಮಕ್ಕಳಾಗದಂತೆ ತಡೆದರೂ ಮುಂದಿನ ತಲೆಮಾರಿನಲ್ಲಿ ಜೀನ್ ಪ್ರಮಾಣ 100ಕ್ಕೆ 1 ಇದ್ದದ್ದು 101ಕ್ಕೆ 1 ಆಗುತ್ತೆ. ಅದರ ಮುಂದೆ 102ಕ್ಕೆ 1. ಅರ್ಧಕ್ಕೆ ಇಳಿಯೋಕೆ 100 ತಲೆಮಾರು, ಅಂದರೆ ಸುಮಾರು 2500 ವರ್ಷ. ಬುದ್ಧನ ಕಾಲದಲ್ಲಿ ಶುರು ಮಾಡಿದ್ದರೆ ಈಗ ಅರ್ಧ ಆಗಿರ್ತಿತ್ತು. ಇಷ್ಟಕ್ಕಾಗಿ ಲಕ್ಷಾಂತರ ಜನರ ಮೇಲೆ ಚಾಕು ಹಾಕಿದರು.

ಅದೇ ಸೂತ್ರವನ್ನು ಇನ್ನೊಂದು ಕಡೆಗೆ ತಿರುಗಿಸಿ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡೋದು, ಅತ್ತೆ ಮಗ ಮಾವನ ಮಗಳ ಮದುವೆ, ನಮ್ಮಲ್ಲಿ ಹೊಸದೇನಲ್ಲ. ಗೊತ್ತಿರೋ ಮನೆ, ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಣೆದುರೇ ಇರ್ತಾಳೆ. ಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟೋ ಮಗುವಿನಲ್ಲಿ ಎರಡೂ ಪ್ರತಿ ಒಂದೇ ಹಿರಿಯರ ಒಂದೇ ಜೀನ್‌ನಿಂದ ಇಳಿದು ಬಂದಿರೋ ಸಾಧ್ಯತೆ 8ರಲ್ಲಿ 1. ಅತ್ತೆ ಮಗ ಮಾವನ ಮಗಳಾದರೆ 16ರಲ್ಲಿ 1. ಮೇಲಿನ ಕಾಯಿಲೆಯನ್ನೇ ತಗೊಂಡರೆ, ಹೊರಗಿನ ಸಂಬಂಧದಲ್ಲಿ 10,000ಕ್ಕೆ 1 ಇದ್ದ ಅಪಾಯ ಅತ್ತೆ-ಮಾವನ ಮಕ್ಕಳಲ್ಲಿ ಸುಮಾರು 7ಕ್ಕೆ, ಸೋದರಮಾವನ ಮದುವೆಯಲ್ಲಿ ಸುಮಾರು 13ಕ್ಕೆ ಏರುತ್ತೆ. ಇದರಲ್ಲಿ ಹೆದರಿ ಸಾಯೋದೇನೂ ಇಲ್ಲ, 10,000ದಲ್ಲಿ 9,987 ಮಕ್ಕಳಿಗೆ ಆ ಕಾಯಿಲೆ ಇಲ್ಲ. ನಮ್ಮ ಕ್ಲಾಸಲ್ಲೇ ಹಾಗೆ ಹುಟ್ಟಿ ಟಾಪ್ ಮಾಡ್ತಿರೋರು ಸಿಗಬಹುದು. ಆದರೆ ಇಂಥ ಕಾಯಿಲೆ ಒಂದಲ್ಲ, ನೂರಾರಿವೆ. ಪ್ರತಿಯೊಂದಕ್ಕೂ ಇದೇ ಕೂಡಿಕೆ. ಇನ್ನು ಕೆಲವೇ ವರ್ಷದಲ್ಲಿ ನಮ್ಮಲ್ಲಿ ಕೆಲವರ ಮನೆಯಲ್ಲಿ ಈ ಮಾತು ಬರುತ್ತೆ. ಜಾತಕ ತೋರಿಸೋ ಮನೆಯವರಿಗೆ ಒಂದು ರಕ್ತ ಪರೀಕ್ಷೆ ಮಾಡಿಸೋಣ ಅಂತ ಹೇಳೋಕೆ ನಮ್ಮ ಕೈಲಿ ಕನಿಷ್ಠ ಈ ಸಂಖ್ಯೆಯಾದರೂ ಇರಲಿ. ಹಾಲ್ಡೇನ್ ಭಾರತಕ್ಕೆ ಬಂದ ಮೇಲೆ ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಆಂಧ್ರದಲ್ಲಿ ಇಂಥ ಮದುವೆಗಳ ಅಂಕಿಅಂಶ ಕೂಡಿಸಿದರು.

ಕೆಟ್ಟ ಜೀನ್ ಯಾವಾಗಲೂ ಕೆಟ್ಟದ್ದೇ ಅಲ್ಲ ಅನ್ನೋದು ಅವರ ಇನ್ನೊಂದು ದೊಡ್ಡ ಹೊಳಹು. ಮೆಡಿಟರೇನಿಯನ್ ಸಮುದ್ರದ ಸುತ್ತ ಥಲಸೇಮಿಯಾ ಅನ್ನೋ ರಕ್ತದ ಕಾಯಿಲೆ ಯಾಕೆ ಇಷ್ಟು ಸಾಮಾನ್ಯ? ಒಂದು ಪ್ರತಿ ಇದ್ದೋರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದು ಅಂತ 1949ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸೂಚಿಸಿದರು. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ, ಸಿಕಲ್ ಸೆಲ್ ಕಾಯಿಲೆಯ ವಿಷಯದಲ್ಲಿ, ಅದೇ ತರ್ಕಕ್ಕೆ ಪುರಾವೆ ಕೊಟ್ಟರು. ಲೆಕ್ಕ ಹೀಗೆ: ಎರಡು ಪ್ರತಿ ಬಂದವರು ಬದುಕಲ್ಲ, ಒಂದೂ ಇಲ್ಲದವರಲ್ಲಿ 10ಕ್ಕೆ 1 ಮಲೇರಿಯಾಕ್ಕೆ ಬಲಿ ಅಂದರೆ, ಆ ಜೀನ್ 11ಕ್ಕೆ 1ರ ಹತ್ತಿರ ಬಂದು ನಿಲ್ಲುತ್ತೆ. ಅಳಿಯಲ್ಲ, ಬೆಳೆಯಲ್ಲ. ಬಂಡೀಪುರದ ಆಚೆಗಿನ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಇರೋದು 1952ರಲ್ಲೇ ಗೊತ್ತಾಗಿತ್ತು.

ಇಷ್ಟೆಲ್ಲ ಲೆಕ್ಕದ ಮನುಷ್ಯ ಒಂದು ಕಡೆ ಲೆಕ್ಕ ಬಿಟ್ಟರು. ಅದನ್ನು ಬರೆಯದೆ ಮುಂದೆ ಹೋಗೋಕೆ ನಮಗೆ ಮನಸ್ಸಿಲ್ಲ. ಹಾಲ್ಡೇನ್ ಕಮ್ಯುನಿಸ್ಟ್. 1928ರಲ್ಲಿ ಅವರನ್ನು ಸೋವಿಯತ್ ದೇಶಕ್ಕೆ ಆಹ್ವಾನಿಸಿದ್ದು ನಿಕೊಲಾಯ್ ವವಿಲೋವ್. ಜಗತ್ತಿನ ಮೂಲೆಮೂಲೆಯ ಬೀಜ ಸಂಗ್ರಹಿಸಿ, ಬೆಳೆಗಳಲ್ಲಿನ ವೈವಿಧ್ಯವನ್ನು ಕಾಪಾಡಿದ ವಿಜ್ಞಾನಿ. ಮುಂದೆ ಸ್ಟಾಲಿನ್ ಬೆಂಬಲದಿಂದ ಲೈಸೆಂಕೋ ಅನ್ನೋವನು ಜೀನ್ ಅನ್ನೋದೇ ಸುಳ್ಳು ಅಂತ ಮೆರೆದ. ವವಿಲೋವ್ 1940ರಲ್ಲಿ ಬಂಧನ, 1943ರಲ್ಲಿ ಸಾರಾಟೋವ್ ಜೈಲಿನಲ್ಲಿ ಸಾವು. 1948ರಲ್ಲಿ ಅಲ್ಲಿ ಜೆನೆಟಿಕ್ಸ್ ಕಲಿಸೋದನ್ನೇ ನಿಲ್ಲಿಸಿದರು. ಫಿಷರ್ ಅಂಥವರು ರೇಡಿಯೋದಲ್ಲಿ ನೇರವಾಗಿ ಖಂಡಿಸಿದರು. ಅದೇ ಚರ್ಚೆಯಲ್ಲಿ ಹಾಲ್ಡೇನ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಲೈಸೆಂಕೋ ಹೇಳಿದ್ದರಲ್ಲಿ ಸ್ವಲ್ಪ ಹುರುಳಿರಬಹುದು ಅನ್ನೋ ಧಾಟಿ. ಪಾರ್ಟಿ ಮತ್ತು ಗೆಳೆಯ, ಇಬ್ಬರ ಮಧ್ಯೆ ಪಾರ್ಟಿ ಗೆದ್ದಿತು. ಕೆಲವು ವರ್ಷದಲ್ಲಿ ಸದ್ದಿಲ್ಲದೆ ಪಾರ್ಟಿಯಿಂದ ದೂರವಾದರು, ಆದರೆ ಮಾತಾಡಬೇಕಾದ ಹೊತ್ತು ಕಳೆದಿತ್ತು. ಧೈರ್ಯ ಇಲ್ಲದ ಮನುಷ್ಯ ಅಲ್ಲ. 1939ರಲ್ಲಿ ಥೀಟಿಸ್ ಸಬ್‌ಮರೀನ್ ಮುಳುಗಿ 99 ಜನ ಸತ್ತಾಗ, ಒಳಗಿನ ಗಾಳಿ ಹೇಗೆ ಕೊಂದಿತು ಅಂತ ತಿಳಿಯೋಕೆ ತಾವೇ ಉಕ್ಕಿನ ಪೆಟ್ಟಿಗೆಯೊಳಗೆ ಕೂತವರು. ಇಂಥ ಪ್ರಯೋಗಗಳಲ್ಲೇ ಬೆನ್ನುಮೂಳೆ ಪೆಟ್ಟಾಗಿತ್ತು, ಕಿವಿತಮಟೆ ತೂತಾಗಿತ್ತು. ದೇಹ ಪಣಕ್ಕಿಡೋದು ಅವರಿಗೆ ಸುಲಭವಿತ್ತು, ನಂಬಿಕೆ ಪಣಕ್ಕಿಡೋದು ಅಲ್ಲ ಅಂತ ಕಾಣುತ್ತೆ.

1957ರಲ್ಲಿ, 64ನೇ ವಯಸ್ಸಿನಲ್ಲಿ, ಹೆಂಡತಿ ಹೆಲೆನ್ ಸ್ಪರ್ವೇ ಜೊತೆ ಕಲ್ಕತ್ತೆಗೆ ಬಂದರು, ಮಹಾಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ. ಕಾರಣ ಕೇಳಿದರೆ ಬ್ರಿಟನ್ ಸೂಯೆಜ್ ಮೇಲೆ ದಾಳಿ ಮಾಡಿದ್ದನ್ನು ಹೇಳ್ತಿದ್ದರು. ಧೋತಿ, ಕುರ್ತಾ, ಸಸ್ಯಾಹಾರ. ಇಲ್ಲಿನ ಲ್ಯಾಬ್‌ಗಳಲ್ಲಿ ದುಬಾರಿ ಯಂತ್ರ ಇಲ್ಲ ಅಂತ ಕೊರಗೋ ಬದಲು, ಎಣಿಸೋಕೆ ಬಂದರೆ ಸಾಕು ಅಂತ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿದರು. ಒಬ್ಬರು ಪಾರಿಜಾತದ ಎಸಳು ಎಣಿಸಿದರು, ಇನ್ನೊಬ್ಬರು ತೆಂಗಿನಮರದ ಗರಿ ಎಡಕ್ಕೆ ಸುತ್ತುತ್ತಾ ಬಲಕ್ಕಾ ಅಂತ ನೋಡಿದರು. ದ್ರೋಣಂರಾಜು ಲಂಟಾನ ಪೊದೆ ಮುಂದೆ ಕೂತು ಯಾವ ಚಿಟ್ಟೆ ಯಾವ ಬಣ್ಣದ ಹೂವಿಗೆ ಹೋಗುತ್ತೆ ಅಂತ ಬರೆದುಕೊಂಡರು. ಒಂದು ಜಾತಿಯ ಚಿಟ್ಟೆ ಒಂದೇ ಬಣ್ಣಕ್ಕೆ ಅಂಟಿಕೊಂಡರೆ, ಆ ಬಣ್ಣದ ಗಿಡಗಳು ತಮ್ಮೊಳಗೇ ಪರಾಗ ಹಂಚಿಕೊಳ್ಳುತ್ತವೆ, ಒಂದೇ ಪೊದೆಸಾಲಿನಲ್ಲಿ ಮುಂದೊಂದು ದಿನ ಎರಡು ಜಾತಿ ಆಗಬಹುದು. ನಮ್ಮ ಊರ ಬೇಲಿಗಳಲ್ಲೂ ಲಂಟಾನ ಇದೆ, ಚಿಟ್ಟೆಗೂ ಬರ ಇಲ್ಲ. ಖರ್ಚು ಒಂದು ನೋಟ್‌ಬುಕ್.

ಸಂಸ್ಥೆಯ ಜೊತೆ ಜಗಳ ಮಾಡಿಕೊಂಡು 1961ರಲ್ಲಿ ಹೊರಬಂದರು. ಜಗಳ ಅವರಿಗೆ ಹೋದಲ್ಲೆಲ್ಲ ಇದ್ದದ್ದೇ. ಆ ಹೊತ್ತಿಗೆ ಭಾರತದ ಪೌರತ್ವವೂ ಸಿಕ್ಕಿತ್ತು. ಒಡಿಶಾ ಸರ್ಕಾರದ ನೆರವಿನಿಂದ ಭುವನೇಶ್ವರದಲ್ಲಿ ಹೊಸ ಪ್ರಯೋಗಾಲಯ ಕಟ್ಟಿದರು. ಅಷ್ಟರಲ್ಲಿ ಕ್ಯಾನ್ಸರ್. ಲಂಡನ್ನಿನಲ್ಲಿ ಆಪರೇಶನ್ ಆಗಿ ಮಲಗಿದ್ದಾಗ ತಮ್ಮ ಕ್ಯಾನ್ಸರ್ ಬಗ್ಗೆಯೇ ನಗೆಪದ್ಯ ಬರೆದು ಪ್ರಕಟಿಸಿದರು, ಬಿಬಿಸಿಗೆ ತಮ್ಮ ಶ್ರದ್ಧಾಂಜಲಿಯನ್ನು ತಾವೇ ರೆಕಾರ್ಡ್ ಮಾಡಿಕೊಟ್ಟರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಮೊದಲೇ ಬರೆದಿಟ್ಟಿದ್ದಂತೆ ದೇಹವನ್ನು ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಕಳಿಸಲಾಯಿತು, ವಿದ್ಯಾರ್ಥಿಗಳ ಪಾಠಕ್ಕೆ.