ನಕ್ಷತ್ರ ನೋಡಿ ನಕ್ಷೆ ಬರೆದ ಡೇವಿಡ್ ಥಾಂಪ್ಸನ್

ಯೂರೋಪಿನ ಸಿರಿವಂತರು ಒಂದು ಕಾಲದಲ್ಲಿ ಧರಿಸುತ್ತಿದ್ದ ಟೋಪಿಗಳು ಬೀವರ್ ಎಂಬ ಪ್ರಾಣಿಯ ತುಪ್ಪಳದಿಂದ ತಯಾರಾಗುತ್ತಿದ್ದವು. ಆ ತುಪ್ಪಳವನ್ನು ಅರಸಿ ಉತ್ತರ ಅಮೆರಿಕದ ಒಳನಾಡನ್ನು ಹೊಕ್ಕ ವ್ಯಾಪಾರಿಗಳಿಗೆ ರಸ್ತೆಗಳಿರಲಿಲ್ಲ. ನದಿ, ಸರೋವರಗಳೇ ಅವರ ಹೆದ್ದಾರಿ. ಬರ್ಚ್ ಮರದ ತೊಗಟೆಯ ಹಗುರ ದೋಣಿಯೇ ವಾಹನ. ಈ ಜಲಮಾರ್ಗಗಳಲ್ಲಿ 28 ವರ್ಷ ಸಂಚರಿಸಿ, ಅವುಗಳನ್ನು ಅಳೆದು ನಕ್ಷೆಗೆ ಇಳಿಸಿದಾತ ಡೇವಿಡ್ ಥಾಂಪ್ಸನ್. ಅರ್ಧ ಖಂಡಕ್ಕೆ ದಾರಿ ತೋರಿದ ಈತ ಸ್ವತಃ ಬಡತನದಲ್ಲಿ, ಅಜ್ಞಾತನಾಗಿ ಕಣ್ಮುಚ್ಚಿದ್ದು ಇತಿಹಾಸದ ವಿಪರ್ಯಾಸ.

ಮುರಿದ ಕಾಲು, ಕಲಿತ ವಿದ್ಯೆ

ಥಾಂಪ್ಸನ್ ಹುಟ್ಟಿದ್ದು 1770ರ ಏಪ್ರಿಲ್ 30ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಬಾಲಕ ಬಡಮಕ್ಕಳ ಧರ್ಮಶಾಲೆಯೊಂದರಲ್ಲಿ ಓದಿದ. 1784ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಹಡ್ಸನ್ ಬೇ ಕಂಪನಿಗೆ ಏಳು ವರ್ಷಗಳ ಕಲಿಕೆಯಾಳಾಗಿ ಸೇರಿ ಹಡಗು ಹತ್ತಿದ. ಮತ್ತೆ ತಾಯ್ನಾಡಿನ ಮುಖ ನೋಡಲಿಲ್ಲ.

1788ರ ಡಿಸೆಂಬರ್‌ನಲ್ಲಿ ಬಿದ್ದು ಆತನ ಬಲಗಾಲು ಮುರಿಯಿತು. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಹೊರಗಿನ ಕೆಲಸಕ್ಕೆ ಬಾರದ ಆ ಅವಧಿಯಲ್ಲಿ ಕಂಪನಿಯ ಮೋಜಣಿದಾರ ಫಿಲಿಪ್ ಟರ್ನರ್ ಬಳಿ ಗಣಿತ, ಖಗೋಳ ಹಾಗೂ ಭೂಮಾಪನ ಕಲಿತ. ಅದೇ ದಿನಗಳಲ್ಲಿ ಬಲಗಣ್ಣಿನ ದೃಷ್ಟಿಯೂ ನಂದಿತು. ಕುಂಟುಗಾಲು, ಒಂಟಿಗಣ್ಣಿನ ಯುವಕ ಎದೆಗುಂದಲಿಲ್ಲ. ಕಲಿಕೆಯ ಅವಧಿ ಮುಗಿದಾಗ ವಾಡಿಕೆಯಂತೆ ನೀಡುವ ಹೊಸ ಉಡುಪಿನ ಬದಲು ಅಳತೆಯ ಉಪಕರಣಗಳನ್ನು ಕೇಳಿದ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ವೀಕ್ಷಿಸಿ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕುವುದು ಆತನ ನಿತ್ಯದ ವ್ರತವಾಯಿತು. ಮೂಲನಿವಾಸಿಗಳು ಆತನನ್ನು ನಕ್ಷತ್ರ ನೋಡುವವನು ಎಂಬ ಅರ್ಥದ ಹೆಸರಿನಿಂದಲೇ ಕರೆದರು.

ದೋಣಿಯ ಬದುಕು

ಕಂಪನಿಗೆ ಬೇಕಿದ್ದುದು ತುಪ್ಪಳ. ಥಾಂಪ್ಸನ್‌ಗೆ ಬೇಕಿದ್ದುದು ಭೂಮಾಪನ. 1797ರಲ್ಲಿ ಆತ ಹಿಮದಲ್ಲಿ ನಡೆದು ಹೋಗಿ ಪ್ರತಿಸ್ಪರ್ಧಿ ನಾರ್ತ್ ವೆಸ್ಟ್ ಕಂಪನಿಯನ್ನು ಸೇರಿದ. ಅಲ್ಲಿಂದ ಸಾವಿರಾರು ಕಿಲೋಮೀಟರ್‌ಗಳ ದೋಣಿಯಾನ ಆರಂಭವಾಯಿತು.

ಆ ಯಾನ ಸುಖದ ಪಯಣವಾಗಿರಲಿಲ್ಲ. ಫ್ರೆಂಚ್ ಮೂಲದ ಹಾಗೂ ಮೂಲನಿವಾಸಿ ದೋಣಿಗರು ನಸುಕಿನಿಂದ ಮುಸ್ಸಂಜೆಯವರೆಗೆ ಹುಟ್ಟು ಹಾಕುತ್ತಿದ್ದರು. ಜಲಪಾತ ಎದುರಾದಲ್ಲಿ ದೋಣಿಯನ್ನೇ ಹೆಗಲಿಗೇರಿಸಬೇಕು. ತಲಾ 40 ಕಿಲೋ ತೂಗುವ ಎರಡು ಮೂಟೆಗಳನ್ನು ಒಬ್ಬೊಬ್ಬ ಹೊರಬೇಕು. ತೊಗಟೆ ಹರಿದರೆ ಮರದ ಬೇರಿನಿಂದ ಹೊಲಿದು, ಅಂಟು ಕಾಯಿಸಿ ಮೆತ್ತಬೇಕು. ಕಾಡುಕೋಣದ ಒಣಮಾಂಸವನ್ನು ಪುಡಿಮಾಡಿ ಕೊಬ್ಬಿನಲ್ಲಿ ಕಲಸಿದ ಪೆಮಿಕನ್ ಅವರ ಬುತ್ತಿ.

1799ರಲ್ಲಿ ಥಾಂಪ್ಸನ್, ಕ್ರೀ ಬುಡಕಟ್ಟಿನ ತಾಯಿಯ ಮಗಳಾದ ಶಾರ್ಲಟ್ ಸ್ಮಾಲ್‌ಳನ್ನು ಮದುವೆಯಾದ. ಆಗ ಆಕೆಗೆ ಕೇವಲ 13 ವರ್ಷ. ಎಳೆಯ ಮಕ್ಕಳೊಂದಿಗೆ ಪತಿಯ ಅನೇಕ ಯಾನಗಳಲ್ಲಿ ಆಕೆ ಜತೆಗಿದ್ದಳು. ಹಲವು ವ್ಯಾಪಾರಿಗಳು ಕಾಡಿನ ಮಡದಿಯರನ್ನು ಅಲ್ಲಿಯೇ ತೊರೆದು ನಗರಕ್ಕೆ ಮರಳಿದರು. ಥಾಂಪ್ಸನ್ ಹಾಗೆ ಮಾಡಲಿಲ್ಲ.

ಮದ್ಯ ಮೂಲನಿವಾಸಿಗಳ ಬದುಕನ್ನು ಹಾಳುಗೆಡವುವುದನ್ನು ಆತ ಕಣ್ಣಾರೆ ಕಂಡಿದ್ದ. 1808ರಲ್ಲಿ ಪಾಲುದಾರರು ಒತ್ತಾಯದಿಂದ ಎರಡು ಪೀಪಾಯಿ ಮದ್ಯ ಕಳುಹಿಸಿದಾಗ, ಅವನ್ನು ಪುಂಡ ಕುದುರೆಯೊಂದರ ಬೆನ್ನಿಗೆ ಕಟ್ಟಿಸಿದ. ಮಧ್ಯಾಹ್ನದೊಳಗೆ ಕುದುರೆ ಬಂಡೆಗಳಿಗೆ ಉಜ್ಜಿ ಪೀಪಾಯಿಗಳನ್ನು ಪುಡಿಮಾಡಿತ್ತು.

ಸಾಗರ ಮುಟ್ಟಿದ ಯಾನ

1810ರಲ್ಲಿ ರಾಕಿ ಪರ್ವತ ದಾಟುವ ಹಳೆಯ ಕಣಿವೆದಾರಿಯನ್ನು ಪೀಗನ್ ಜನರು ತಡೆದರು. ತಮ್ಮ ವೈರಿಗಳಿಗೆ ಬಂದೂಕು ತಲುಪುತ್ತಿದ್ದುದೇ ಅವರ ಸಿಟ್ಟಿಗೆ ಕಾರಣ. ಥಾಂಪ್ಸನ್ ಉತ್ತರಕ್ಕೆ ಬಳಸಿ ಹೋಗಿ, ಥಾಮಸ್ ಎಂಬ ಇರೊಕ್ವಾ ಮಾರ್ಗದರ್ಶಿಯ ನೆರವಿನಿಂದ 1811ರ ಜನವರಿಯಲ್ಲಿ ಅಥಬಾಸ್ಕಾ ಕಣಿವೆದಾರಿಯನ್ನು ದಾಟಿದ. ಹಿಮಕ್ಕೆ ಹೆದರಿ ಸಂಗಡಿಗರಲ್ಲಿ ಹಲವರು ಕೈಬಿಟ್ಟರು. ಯೋಗ್ಯ ತೊಗಟೆ ಸಿಗದಿದ್ದಾಗ ದೇವದಾರು ಜಾತಿಯ ಮರದ ಹಲಗೆಗಳನ್ನು ಬೇರಿನಿಂದ ಹೊಲಿದು ದೋಣಿ ಕಟ್ಟಿದರು.

ಬಳಿಕ ಕೊಲಂಬಿಯಾ ನದಿಗುಂಟ ಸಾಗಿದ ಆತ 1811ರ ಜುಲೈ 15ರಂದು ಪೆಸಿಫಿಕ್ ಸಾಗರದ ಅಳಿವೆ ತಲುಪಿದಾಗ, ಅಲ್ಲಿ ಅಮೆರಿಕದ ಉದ್ಯಮಿ ಜಾನ್ ಜೇಕಬ್ ಆಸ್ಟರ್‌ನ ಕಂಪನಿಯವರು ಕೆಲವೇ ತಿಂಗಳ ಹಿಂದೆ ಬಂದು ಕೋಟೆ ಕಟ್ಟಿದ್ದರು. ಥಾಂಪ್ಸನ್ ತಡಮಾಡಿದನೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ನಕ್ಷೆ ಉಳಿಯಿತು, ಹೆಸರು ಅಳಿಯಿತು

1812ರಲ್ಲಿ ಆತ ಸಂಸಾರದೊಂದಿಗೆ ಮಾಂಟ್ರಿಯಲ್ ಸಮೀಪ ನೆಲೆಸಿದ. ಎರಡು ವರ್ಷಗಳಲ್ಲಿ ಹಡ್ಸನ್ ಕೊಲ್ಲಿಯಿಂದ ಪೆಸಿಫಿಕ್‌ವರೆಗಿನ ಮಹಾನಕ್ಷೆ ಸಿದ್ಧವಾಯಿತು. ಕಂಪನಿ ಅದನ್ನು ಫೋರ್ಟ್ ವಿಲಿಯಂ ಸಭಾಂಗಣದಲ್ಲಿ ತೂಗುಹಾಕಿತು. ಲಂಡನ್ನಿನ ನಕ್ಷೆ ಪ್ರಕಾಶಕರು ಆತನ ಅಳತೆಗಳನ್ನು ಬಳಸಿಕೊಂಡರೂ ಹೆಸರು ನಮೂದಿಸಲಿಲ್ಲ. ವ್ಯವಹಾರಗಳು ಕೈಕೊಟ್ಟವು, ಕೊನೆಗೆ ಮೇಲಂಗಿ ಹಾಗೂ ಜೀವದಂತಿದ್ದ ಉಪಕರಣಗಳನ್ನೂ ಒತ್ತೆಯಿಡುವ ಸ್ಥಿತಿ ಬಂತು. ಇಳಿವಯಸ್ಸಿನಲ್ಲಿ ಬರೆಯತೊಡಗಿದ ಅನುಭವ ಕಥನ ದೃಷ್ಟಿ ಕಳೆದುಹೋದ್ದರಿಂದ ಅಪೂರ್ಣವಾಗಿಯೇ ಉಳಿಯಿತು. 1857ರ ಫೆಬ್ರವರಿ 10ರಂದು ಥಾಂಪ್ಸನ್ ನಿಧನನಾದ. 57 ವರ್ಷ ಬಾಳು ಹಂಚಿಕೊಂಡಿದ್ದ ಶಾರ್ಲಟ್ ಮೂರು ತಿಂಗಳೊಳಗೆ ಆತನನ್ನು ಹಿಂಬಾಲಿಸಿದಳು.

ಭೂವಿಜ್ಞಾನಿ ಜೆ.ಬಿ. ಟೈರಲ್ ಆ ಕಥನವನ್ನು 1916ರಲ್ಲಿ ಪ್ರಕಟಿಸಿದ ಮೇಲೆಯೇ ಜಗತ್ತು ಆತನನ್ನು ಗುರುತಿಸಿತು. ಗುರುತಿಲ್ಲದ ಸಮಾಧಿಗೆ ಸ್ಮಾರಕ ಬಂದದ್ದು 1927ರಲ್ಲಿ.

1967ರಲ್ಲಿ, ಕೆನಡಾ ಒಕ್ಕೂಟದ ಶತಮಾನೋತ್ಸವದಂದು, 10 ದೋಣಿತಂಡಗಳು ಥಾಂಪ್ಸನ್ ಒಮ್ಮೆ ನೆಲೆಸಿದ್ದ ರಾಕಿ ಮೌಂಟನ್ ಹೌಸ್‌ನಿಂದ ಹೊರಟು 104 ದಿನ ಹುಟ್ಟು ಹಾಕಿ ಮಾಂಟ್ರಿಯಲ್ ತಲುಪಿದವು. 2008ರಲ್ಲಿ ಆತನದೇ ಹೆಸರಿನ ತಂಡಗಳು ಅಲ್ಲಿಂದ ಥಂಡರ್ ಬೇವರೆಗೂ, 2011ರಲ್ಲಿ ಕೊಲಂಬಿಯಾ ನದಿಗುಂಟ ಸಾಗರದವರೆಗೂ ಸಾಗಿದವು. ಬದುಕಿದ್ದಾಗ ಸಲ್ಲದ ಗೌರವವನ್ನು ಆತ ಅಳೆದ ನದಿಗಳ ಮೇಲೆಯೇ ದೋಣಿಗರು ಸಲ್ಲಿಸಿದರು.