ಸಾಗರದಾಳದ ಸಾಧಕ

ನೀರಿನೊಳಗೆ ಮನುಷ್ಯನು ಉಸಿರಾಡಲಾರನು. ಮುತ್ತನ್ನು ಅರಸಿ ಕಡಲಿಗೆ ಧುಮುಕುತ್ತಿದ್ದವರು ಉಸಿರು ಬಿಗಿಹಿಡಿದು ಮುಳುಗಿ, ಸ್ವಲ್ಪ ಹೊತ್ತಿನಲ್ಲೇ ಮೇಲೇರಬೇಕಾಗಿತ್ತು. ಮುಂದೆ ಲೋಹದ ಶಿರಸ್ತ್ರಾಣ ಧರಿಸಿದವರಿಗೆ ಹಡಗಿನಿಂದ ಕೊಳವೆಯ ಮೂಲಕ ಗಾಳಿ ಒದಗಿಸುವ ಏರ್ಪಾಡು ಬಂದಿತು. ಆದರೆ ಅವರು ಆ ಕೊಳವೆಗೇ ಬಂದಿಗಳು. ಮೀನಿನಂತೆ ಸ್ವೇಚ್ಛೆಯಾಗಿ ಸಂಚರಿಸುವ ಭಾಗ್ಯವನ್ನು ಮನುಷ್ಯನಿಗೆ ತಂದುಕೊಟ್ಟವರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೋ ಅಗ್ರಗಣ್ಯನು.

ಕೂಸ್ತೋ ಜನಿಸಿದುದು 1910ರ ಜೂನ್ 11ರಂದು, ಬೋರ್ಡೋ ನಗರದ ಸಮೀಪದಲ್ಲಿ. 1930ರಲ್ಲಿ ನೌಕಾಪಡೆಯ ಶಾಲೆಯನ್ನು ಸೇರಿದ ಅವನಿಗೆ ವಿಮಾನ ಚಾಲಕನಾಗುವ ಹಂಬಲವಿತ್ತು. 1936ರಲ್ಲಿ ಸಂಭವಿಸಿದ ಮೋಟಾರು ಅಪಘಾತ ಆ ಕನಸನ್ನು ನುಚ್ಚುನೂರು ಮಾಡಿತು. ಮುರಿದ ತೋಳುಗಳಿಗೆ ಮತ್ತೆ ಬಲ ಬರಲೆಂದು ಅವನು ಮೆಡಿಟರೇನಿಯನ್ ಸಮುದ್ರದಲ್ಲಿ ಈಜತೊಡಗಿದನು. ಮಿತ್ರನು ಕೊಟ್ಟ ಕನ್ನಡಕವನ್ನು ಧರಿಸಿ ನೀರೊಳಗೆ ನೋಡಿದಾಗ ಕಂಡ ಲೋಕವು ಅವನ ಬಾಳಿನ ದಿಕ್ಕನ್ನೇ ಬದಲಿಸಿತು.

ಆ ಲೋಕದಲ್ಲಿ ಹೆಚ್ಚು ಹೊತ್ತು ಇರಬೇಕೆಂಬ ಆಸೆಯಿಂದ ಅವನು ಶುದ್ಧ ಆಮ್ಲಜನಕವನ್ನು ಉಸಿರಾಡುತ್ತ ಮುಳುಗಿ ನೋಡಿದನು. ಸುಮಾರು 45 ಅಡಿ ಆಳದಲ್ಲಿ ಅವನ ಮೈ ಸೆಟೆದುಕೊಂಡಿತು. ಸೊಂಟದ ತೂಕವನ್ನು ಕಳಚಿದುದರಿಂದ ಮೇಲೆ ತೇಲಿ ಬದುಕಿದನು. ಅಧಿಕ ಒತ್ತಡದಲ್ಲಿ ಪ್ರಾಣವಾಯುವೇ ವಿಷವಾಗುವುದೆಂದು ಅವನಿಗೆ ಮನದಟ್ಟಾಯಿತು.

ಸಾಧಾರಣ ಗಾಳಿಯನ್ನೇ ಬಳಸಬಹುದಾಗಿತ್ತು. ಆದರೆ ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡವು ಒಂದು ವಾಯುಮಂಡಲದಷ್ಟು ಏರುತ್ತದೆ. ಸುತ್ತಲಿನ ಒತ್ತಡಕ್ಕೆ ಸಮನಾದ ಗಾಳಿ ಸಿಗದಿದ್ದರೆ ಎದೆ ಹಿಗ್ಗದು. ಈ ತೊಡಕಿಗೆ ಪರಿಹಾರ ತೋರಿದವನು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲಿನ ಅಭಾವವಿದ್ದುದರಿಂದ ಮೋಟಾರುಗಳಿಗೆ ಅನಿಲವನ್ನು ಬೇಕಾದಷ್ಟೇ ಒದಗಿಸುವ ಕವಾಟವೊಂದನ್ನು ಅವನು ರಚಿಸಿದ್ದನು. 1942ರ ಡಿಸೆಂಬರಿನಲ್ಲಿ ಇಬ್ಬರೂ ಕೂಡಿ ಅದನ್ನು ಉಸಿರಾಟಕ್ಕೆ ಅಳವಡಿಸತೊಡಗಿದರು.

1943ರ ಚಳಿಗಾಲದಲ್ಲಿ ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ಪರೀಕ್ಷೆ ನಡೆಯಿತು. ಅಡ್ಡಲಾಗಿ ಈಜಿದಾಗ ಗಾಳಿ ಸರಾಗವಾಗಿ ಬಂದಿತು. ನೆಟ್ಟಗೆ ನಿಂತಾಗ ಅದು ಭೋರೆಂದು ನುಗ್ಗಿ ವ್ಯರ್ಥವಾಯಿತು. ತಲೆಕೆಳಗಾದಾಗ ಉಸಿರೆಳೆಯುವುದೇ ಕಷ್ಟವಾಯಿತು. ನಿರಾಶರಾದರೂ ಅವರು ಕಾರಣವನ್ನು ಶೋಧಿಸಿದರು. ಗಾಳಿಯ ಒಳದಾರಿಗೂ ಹೊರದಾರಿಗೂ ನಡುವೆ ಸುಮಾರು ಆರು ಅಂಗುಲಗಳ ಅಂತರವಿತ್ತು. ಮೈಯ ಭಂಗಿ ಬದಲಾದಂತೆ ಒಂದು ಮೇಲಾಗಿ ಇನ್ನೊಂದು ಕೆಳಗಾಗುತ್ತಿತ್ತು. ಅಷ್ಟರಿಂದಲೇ ಒತ್ತಡದಲ್ಲಿ ವ್ಯತ್ಯಾಸ ಉಂಟಾಗುತ್ತಿತ್ತು. ಎರಡನ್ನೂ ಹತ್ತಿರ ಹತ್ತಿರ ಜೋಡಿಸಿದೊಡನೆ ದೋಷ ನೀಗಿತು.

ಆ ಬೇಸಿಗೆಯಲ್ಲಿ ಬೆನ್ನಿಗೆ ಸಿಲಿಂಡರುಗಳನ್ನು ಕಟ್ಟಿಕೊಂಡು ಕೂಸ್ತೋ ಮೆಡಿಟರೇನಿಯನ್ನಿಗೆ ಇಳಿದನು. ಮಗ್ಗುಲಾಗಿ, ತಲೆಕೆಳಗಾಗಿ, ಪಲ್ಟಿ ಹೊಡೆದು ನೋಡಿದರೂ ಉಸಿರು ತಪ್ಪಲಿಲ್ಲ. ಈ ಸಾಧನವೇ ‘ಆಕ್ವಾಲಂಗ್’ ಎಂದು ಪ್ರಸಿದ್ಧವಾಯಿತು.

ಮುಂದೆ ‘ಕ್ಯಾಲಿಪ್ಸೋ’ ಹಡಗಿನಲ್ಲಿ ಅವನು ಸಾಗರಗಳನ್ನು ಸುತ್ತಿದನು. ಕಡಲಾಳವನ್ನು ಕುರಿತ ಅವನ ಚಲನಚಿತ್ರವು 1956ರಲ್ಲಿ ಕಾನ್ ಚಿತ್ರೋತ್ಸವದ ಪರಮ ಪ್ರಶಸ್ತಿಯನ್ನು ಗಳಿಸಿತು. ಅಣುತ್ಯಾಜ್ಯವನ್ನು ಸಮುದ್ರಕ್ಕೆ ಸುರಿಯುವುದನ್ನು ಅವನು 1960ರಲ್ಲಿ ಬಲವಾಗಿ ವಿರೋಧಿಸಿದನು. 1997ರ ಜೂನ್ 25ರಂದು ಅವನು ನಿಧನನಾದನು.

ಸೋಲಿಗೆ ಹೆದರಿ ಮಾರ್ನ್ ನದಿಯ ದಡದಲ್ಲೇ ಆ ಉಪಕರಣವನ್ನು ಬಿಟ್ಟುಬಂದಿದ್ದರೆ ಕಡಲಾಳವು ಇನ್ನೆಷ್ಟು ಕಾಲ ನಮಗೆ ಮುಚ್ಚಿದ ಬಾಗಿಲಾಗಿರುತ್ತಿತ್ತೋ! ಕೇವಲ ಆರು ಅಂಗುಲಗಳ ದೋಷವನ್ನು ತಾಳ್ಮೆಯಿಂದ ಹುಡುಕಿ ತಿದ್ದಿದ ವಿವೇಕವೇ ಆ ಬಾಗಿಲನ್ನು ತೆರೆಯಿತು.